ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಒಣಗಿಸಿ

ಕೊಡಗಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಸೆಪ್ಟೆಂಬರ್‌ವರೆಗೆ ಸೌದೆ ಒಣಗುವ ಮಾತೇ ಇಲ್ಲ. ಅಷ್ಟು ದಿನ ಬಚ್ಚಲ ಒಲೆ ಉರಿಯಲೇಬೇಕಲ್ವಾ? ಹಾಗಾಗಿ ಕಾಫಿ ಕೊಯ್ಲು ಮುಗಿದು ಗಿಡ ಕಸಿ (ಕಾಫಿ ಗಿಡದ ರೆಂಬೆ ಕತ್ತರಿಸುವುದು), ಮರ ಕಪಾತು (ನೆರಳು ಮರದ ಕೊಂಬೆ ಕಡಿಯುವುದು) ನಡೆಯುವಾಗ ಸಿಕ್ಕ ಸೌದೆಯನ್ನು ತೋಟದಲ್ಲೇ ರಾಶಿ ಬಿಡಬೇಡಿ. ನೆಲಕ್ಕೆ ತಾಗಿದ್ದನ್ನು ಗೆದ್ದಲು ತಿನ್ನುತ್ತದೆ, ಉಳಿದದ್ದಕ್ಕೆ ಅಣಬೆ ಹಿಡಿಯುತ್ತದೆ. ಅಣಬೆ ಹಿಡಿದ ಸೌದೆ ಆಮೇಲೆ ಒಣಗಿದರೂ ಹಗುರವಾಗಿರುತ್ತದೆ, ಬೇಗ ಉರಿದುಹೋಗುತ್ತದೆ, ಯಾಕೆಂದರೆ ಶಾಖ ಕೊಡಬೇಕಿದ್ದ ಮರವನ್ನೇ ಅದು ತಿಂದಿರುತ್ತದೆ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ. ಹಾಗೇ ಒಲೆಗಿಟ್ಟರೆ ಮೊದಲು ಆ ನೀರು ಆವಿಯಾಗಬೇಕು, ಆಮೇಲಷ್ಟೇ ಹಂಡೆಗೆ ಶಾಖ. ಬೆಂಕಿ ಏಳುವುದಿಲ್ಲ, ಹೊಗೆ ಪೂರ್ತಿ ಸುಡದೆ ಚಿಮಣಿಯೊಳಗೆ ಅಂಟು ಮಸಿಯಾಗಿ ಕೂರುತ್ತದೆ. ನೀರಿನಂಶ 20%ಕ್ಕಿಂತ ಕಡಿಮೆ ಆದರೆ ಸೌದೆ ಚೆನ್ನಾಗಿ ಉರಿಯುತ್ತದೆ.

ಮೊದಲು ಒಲೆಯ ಅಳತೆಗೆ ತುಂಡು ಮಾಡಿ, ದಪ್ಪ ಇದ್ದರೆ ಸೀಳಿ. ಇದೇ ಮುಖ್ಯ ಕೆಲಸ. ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ, ಸಿಲ್ವರ್ ಓಕ್‌ನ ದಪ್ಪ ದಿಮ್ಮಿ ಸೀಳದೆ ಬಿಟ್ಟರೆ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯೇ ಇರುತ್ತದೆ. ರೊಬಸ್ಟಾ ಕಾಫಿ ಗಿಡದ ಸೌದೆ ಗಟ್ಟಿ, ಕೆಂಡ ನಿಲ್ಲುತ್ತದೆ, ಆದರೆ ಒಣಗಲು ಸಮಯ ಬೇಕು. ನೆರಳಿಗೆ ಬೆಳೆಸುವ ಹಾಲುವಾಣದ ಮರ ಹಗುರ, ಸುಮ್ನೆ ಜಾಗ ತುಂಬುತ್ತದೆ ಅಷ್ಟೇ.

ಕಲ್ಲಿನ ಮೇಲೆ ಎರಡು ಅಡ್ಡ ಮರ ಹಾಕಿ, ನೆಲದಿಂದ ಒಂದು ಗೇಣಾದರೂ ಎತ್ತರದಲ್ಲಿ ಜೋಡಿಸಿ. ಗೋಡೆಗೆ ಒತ್ತಬೇಡಿ, ಹಿಂದೆ ಗಾಳಿ ಆಡಲಿ. ಮೇಲೆ ಶೀಟ್ ಸಾಕು, ಅದು ಮುಂದಕ್ಕೆ ಚಾಚಿಕೊಂಡಿರಲಿ, ಇಲ್ಲದಿದ್ದರೆ ಓರೆ ಮಳೆಗೆ ಮುಂದಿನ ಸಾಲು ನೆನೆಯುತ್ತದೆ. ರಾಶಿಯನ್ನು ಟಾರ್ಪಲ್‌ನಲ್ಲಿ ನೆಲದವರೆಗೆ ಸುತ್ತಿ ಕಟ್ಟುವವರು ಜಾಸ್ತಿ, ದಯವಿಟ್ಟು ಹಾಗೆ ಮಾಡಬೇಡಿ: ಸೌದೆಯಿಂದ ಬಿಟ್ಟ ತೇವ ಟಾರ್ಪಲ್‌ನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಸೌದೆ ಮೇಲೇ ಬೀಳುತ್ತದೆ, ಬಿಚ್ಚಿದರೆ ಬೂಸ್ಟಿನ ವಾಸನೆ.

ಒಣಗಿದೆಯಾ ಅಂತ ನೋಡಲು ಎರಡು ತುಂಡು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಕೈಗೆ ಬರಬೇಕು.

ಜುಲೈನಲ್ಲಿ ಗಾಳಿಯೇ ತೇವ, ಒಣ ಸೌದೆಯೂ ಸ್ವಲ್ಪ ನೀರು ಎಳೆದುಕೊಳ್ಳುತ್ತದೆ. ಆಗ ಎರಡು ಮೂರು ದಿನಕ್ಕೆ ಬೇಕಾದಷ್ಟನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿ, ಬೆಂಕಿಗೆ ತೀರಾ ಹತ್ತಿರ ಬೇಡ. ಕೊಟ್ಟಿಗೆಯಿಂದ ತರುವಾಗ ಕೋಲಿನಿಂದ ತಟ್ಟಿ ತೆಗೆಯಿರಿ, ಸಂದಿಯಲ್ಲಿ ಹಾವು ಚೇಳು ಇರುತ್ತವೆ.