ಕರುಳಿನ ಸುರುಳಿ ಬಿಡಿಸುವ ಮುನ್ನ

ಮಡಿಕೇರಿಯಲ್ಲಿ ಅರಿವಳಿಕೆ ತಜ್ಞನಾಗಿರುವ ನಾನು ನವಜಾತ ಶಿಶುಗಳ ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಅತ್ಯಂತ ಭಯದಿಂದ ಎದುರುನೋಡುವುದು ತಿರುಚಿಕೊಂಡ ಕರುಳನ್ನು ಬಿಡಿಸುವ ಗಳಿಗೆಯನ್ನು. ಸಾಮಾನ್ಯವಾಗಿ ಇಂಥ ಮಕ್ಕಳನ್ನು ಮೈಸೂರಿಗೋ ಮಂಗಳೂರಿಗೋ ಕಳುಹಿಸುತ್ತೇವೆ. ಆದರೆ ಒಂದು ಮಳೆಗಾಲದ ರಾತ್ರಿ, ಕಾಫಿ ತೋಟದ ಲೈನ್ ಮನೆಯಿಂದ ಬಂದ 5 ದಿನದ ಹೆಣ್ಣುಮಗುವಿಗೆ ಘಾಟಿ ಇಳಿಯುವಷ್ಟು ಸಮಯ ಉಳಿದಿರಲಿಲ್ಲ. ಹಸಿರು ವಾಂತಿಯಾಗಿದ್ದ ಬಟ್ಟೆಯನ್ನು ಅಜ್ಜಿ ಜೊತೆಯಲ್ಲೇ ತಂದಿದ್ದರು. ನವಜಾತ ಶಿಶುವಿನ ಕರುಳು ತಿರುಚಿಕೊಂಡಿರಬಹುದು ಎನ್ನಲು ಅದಕ್ಕಿಂತ ಗಂಭೀರವಾದ ಸೂಚನೆ ಬೇಕಿಲ್ಲ.

ಹಿಂದೊಮ್ಮೆ ಇಂಥದೇ ಸಂದರ್ಭದಲ್ಲಿ ರಕ್ತದೊತ್ತಡ ಕುಸಿದಾಗ, ಅದು ರಕ್ತದ ಕೊರತೆಯೆಂದೇ ಭಾವಿಸಿ ಮತ್ತೆ ಮತ್ತೆ ದ್ರವ ಕೊಟ್ಟಿದ್ದೆ. ಮೈಯೆಲ್ಲ ಊದಿತು, ಶ್ವಾಸಕೋಶದಲ್ಲಿ ನೀರು ತುಂಬಿತು, ಮಗು ಉಳಿಯಲಿಲ್ಲ. ತಿರುಚಿಕೊಂಡಿದ್ದರಿಂದ ರಕ್ತ ಸಿಗದೆ ಸೊರಗಿದ ಕರುಳಿಗೆ ರಕ್ತ ಮರಳಿದೊಡನೆ ಅಲ್ಲಿ ಕಟ್ಟಿಕೊಂಡಿದ್ದ ಆಮ್ಲ ಮತ್ತು ಪೊಟ್ಯಾಸಿಯಂ ಹೃದಯದತ್ತ ನುಗ್ಗುತ್ತವೆ; ಜೊತೆಗೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ಅಣುಗಳೂ ಹೊರಬಿದ್ದು, ಮುಂದಿನ ಗಂಟೆಗಳಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ಹೆಚ್ಚಿಸಿ ರಕ್ತನಾಳಗಳನ್ನು ಸಡಿಲಿಸುತ್ತವೆ, ಲೋಮನಾಳಗಳು ಸೋರುವಂತೆ ಮಾಡುತ್ತವೆ, ಹೃದಯದ ಬಲವನ್ನೂ ಕುಗ್ಗಿಸುತ್ತವೆ. ಸೋರುವ ನಾಳಕ್ಕೆ ಎಷ್ಟು ದ್ರವ ಸುರಿದರೂ ಅದು ಒಳಗೆ ನಿಲ್ಲುವುದಿಲ್ಲ.

ಆದ್ದರಿಂದ ಈ ಬಾರಿ ಹೊಟ್ಟೆ ತೆರೆಯುವ ಮೊದಲೇ ಎರಡು ರಕ್ತನಾಳಗಳಲ್ಲಿ ಸೂಜಿ ಹಾಕಿ, ನಾಳಗಳನ್ನು ಬಿಗಿಗೊಳಿಸಿ ಹೃದಯಕ್ಕೆ ಬಲ ಕೊಡುವ ಅಡ್ರಿನಲಿನ್‌ನ ಪಂಪನ್ನು ಜೋಡಿಸಿ, ಪೊಟ್ಯಾಸಿಯಂನಿಂದ ಹೃದಯವನ್ನು ಕಾಪಾಡುವ ಕ್ಯಾಲ್ಸಿಯಂ ಗ್ಲುಕೋನೇಟನ್ನು ಕೈಗೆಟುಕುವಲ್ಲಿ ಇಟ್ಟುಕೊಂಡೆ. 2.8 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಮಿ.ಲೀ. ಮಾತ್ರ. ಒದ್ದೆಯಾದ ಬಟ್ಟೆಗಳನ್ನು ತೂಗಿ ನೋಡುವುದು ಹಳೆಯ ಕ್ರಮವಾದರೂ, ರಕ್ತ ಎಷ್ಟು ಹೋಗಿದೆ ಎಂದು ತಿಳಿಯಲು ನಾನು ಅದನ್ನು ಬಿಟ್ಟಿಲ್ಲ. "ಸರ್, ನಾನು ಹೇಳಿದ ಮೇಲೆ ಬಿಡಿಸಿ" ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿಕೊಂಡೆ. ಅವರು ಕಾದರು. ಅಡ್ರಿನಲಿನ್ ಅನ್ನು ಕಿಲೋಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂನಂತೆ ಆರಂಭಿಸಿ, ಆಮ್ಲ ತಗ್ಗಲೆಂದು ಉಸಿರಾಟದ ವೇಗವನ್ನು ತುಸು ಏರಿಸಿದ ಮೇಲೆ ಸಮ್ಮತಿಸಿದೆ.

ಕಪ್ಪಿಟ್ಟಿದ್ದ ಕರುಳನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಬಿಡಿಸುತ್ತಿದ್ದಂತೆ ಸರಾಸರಿ ರಕ್ತದೊತ್ತಡ 40ರಿಂದ 27ಕ್ಕೆ ಇಳಿಯಿತು. ಬಟ್ಟೆಗಳಲ್ಲಿ ರಕ್ತ ಹೆಚ್ಚಿರಲಿಲ್ಲ. ಬೆಚ್ಚಗಿನ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರವವನ್ನು 28 ಮಿ.ಲೀ. ಒಮ್ಮೆ ಮಾತ್ರ ಕೊಟ್ಟು, ಅಡ್ರಿನಲಿನ್ ಅನ್ನು 0.2ರವರೆಗೆ ಏರಿಸಿದೆ, ಆಗಲೂ ಒತ್ತಡ ನಿಲ್ಲದಿದ್ದುದರಿಂದ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸೇರಿಸಿದೆ. ಕರುಳು ನಿಧಾನವಾಗಿ ಕೆಂಪೇರಿತು. ಬೆಳಗಿನ ಜಾವ ಗಂಟೆಗೆ 3 ಮಿ.ಲೀ. ಮೂತ್ರ ಬರತೊಡಗಿದ ಮೇಲೆಯೇ ಅಡ್ರಿನಲಿನ್ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಲು ಆರಂಭಿಸಿದೆ.