ನಂಬರ್ ಬಿಟ್ಟೆ, ಹೆಸರು ಹಿಡಿದೆ: ನಾಟಕದ ಪ್ರೊಜೆಕ್ಟರ್ ಜೊತೆ ನನ್ನ ಅನುಭವ

ಹೋದ ಗಣಪತಿ ಹಬ್ಬಕ್ಕೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ನಾಟಕದಲ್ಲಿ 23 ವಿಡಿಯೊ ತುಣುಕು ಬಿಟ್ಟೆ. ಕಾಡು, ಹೊಳೆ, ಮಳೆ, ಅರಮನೆ ಎಲ್ಲ ಪ್ರೊಜೆಕ್ಟರ್‌ನಲ್ಲೇ. ಒಂದು ತುಣುಕೂ ತಪ್ಪಿ ಲ್ಯಾಪ್‌ಟಾಪ್ ಪರದೆಗೆ ಹೋಗಲಿಲ್ಲ. ನನ್ನ ಡೆಸ್ಕ್‌ಟಾಪ್, ಫೈಲಿನ ಹೆಸರು, ಮೌಸ್ ಬಾಣ ಯಾವುದೂ ಜನಕ್ಕೆ ಕಾಣಲಿಲ್ಲ. ನಡುವೆ ಕರೆಂಟ್ ಹೋಗಿ ಬಂತು. ಆಗಲೂ ಕೈಕೊಡಲಿಲ್ಲ. ‘ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ ಮಾರಾಯ, ಬಣ್ಣದ ಸೀನರಿನೇ ಬಾಡಿಗೆಗೆ ತರೋಣ’ ಅಂದಿದ್ದ ನಮ್ಮ ಮೇಷ್ಟ್ರು ನಾಟಕ ಮುಗಿದ ಮೇಲೆ ಬಂದು ಬೆನ್ನು ತಟ್ಟಿದರು. ತುಣುಕು ತಪ್ಪದೆ ಪ್ರೊಜೆಕ್ಟರ್ ಪರದೆಗೇ ಹೋಗುವ ಹಾಗೆ ಮಾಡಿದ್ದು ಹೇಗೆ ಅಂತ ಅದಕ್ಕೇ ಬರೆಯಬೇಕು ಅನ್ನಿಸಿತು.

ಪ್ರೊಜೆಕ್ಟರ್ ಹಾಕುವವರಿಗೆ ಎಕ್ಸ್‌ಟೆಂಡ್ (ಎರಡು ಪರದೆಯಲ್ಲಿ ಬೇರೆ ಬೇರೆ ಚಿತ್ರ) ಯಾವುದು, ಡೂಪ್ಲಿಕೇಟ್ (ಎರಡರಲ್ಲೂ ಒಂದೇ ಚಿತ್ರ) ಯಾವುದು ಅಂತ ಹೇಳಬೇಕಾಗಿಲ್ಲ. ಸೋತ ಕಥೆಯಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಎರಡು ವರ್ಷ ಮುಂಚೆ ಇದೇ ತಂಡಕ್ಕೆ ಮಾಡಿದ್ದೆ. ಪ್ರತಿ ತುಣುಕೂ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿತ್ತು. ಅದನ್ನು ಪ್ರೊಜೆಕ್ಟರ್ ಕಡೆ ಎಳೆದು ಫುಲ್‌ಸ್ಕ್ರೀನ್ ಮಾಡುವಷ್ಟರಲ್ಲಿ ಪಾತ್ರಧಾರಿ ನಾಲ್ಕು ಮಾತು ಮುಗಿಸಿರುತ್ತಿದ್ದ. ವಿಂಡೋಸ್ ಕೀ, ಶಿಫ್ಟ್, ಬಾಣದ ಕೀ ಮೂರೂ ಒತ್ತಿ ಆ ಪರದೆಗೆ ದಾಟಿಸುವುದೂ ಕಲಿತೆ. ಕತ್ತಲಲ್ಲಿ, ಅವಸರದಲ್ಲಿ ಅದೂ ತಪ್ಪುತ್ತಿತ್ತು. ಕಾಡು ಬರಬೇಕಾದ ಜಾಗದಲ್ಲಿ ಫೋಲ್ಡರ್ ಪಟ್ಟಿ ಬಂದು ನಿಂತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಎಲ್ಲ ತುಣುಕನ್ನೂ ಸೇರಿಸಿ ಒಂದೇ ಉದ್ದ ವಿಡಿಯೊ ಮಾಡಿ ನೋಡಿದೆ. ರಿಹರ್ಸಲ್‌ನಲ್ಲೇ ಅದು ಬಿದ್ದುಹೋಯಿತು. ಒಬ್ಬರು ಒಂದು ಪುಟ ಮಾತು ಹಾರಿಸಿದರೆ ಮುಂದಿನ ದೃಶ್ಯ ಹುಡುಕುವುದು ಹೇಗೆ? ಪ್ರೊಜೆಕ್ಟರ್‌ಗೇ ಪೆನ್‌ಡ್ರೈವ್ ಚುಚ್ಚಿದರೆ ಪ್ರತಿ ತುಣುಕಿನ ನಡುವೆ ಫೈಲ್ ಪಟ್ಟಿ ಪರದೆ ಮೇಲೆ ಬರುತ್ತದೆ. ಮೊಬೈಲ್‌ನಿಂದ ವೈಫೈ ಮೂಲಕ ಕಳಿಸಿದರೆ ಒಂದು ಸೆಕೆಂಡಿನಷ್ಟು ತಡ. ಗುಡುಗಿನ ಸದ್ದು ಮೊದಲು ಬಂದು ಮಿಂಚು ಆಮೇಲೆ ಬಂದರೆ ಯಾರು ಒಪ್ಪುತ್ತಾರೆ?

ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್‌ನಲ್ಲಿ ಫುಲ್‌ಸ್ಕ್ರೀನ್ ಯಾವ ಪರದೆಗೆ ಹೋಗಬೇಕು ಅಂತ ನಂಬರ್ ಕೊಡುವ ಜಾಗ ಇದೆ. ಪ್ರಿಫರೆನ್ಸಸ್‌ನಲ್ಲಿ ಆಲ್ ಒತ್ತಿ, ಇಂಟರ್‌ಫೇಸ್ ಒಳಗೆ ಕ್ಯೂಟಿ (Qt) ಹುಡುಕಿ. ಶುರುವಿನಲ್ಲಿ ಫೈಲ್ ಹೆಸರು ತೋರಿಸುವ ಟಿಕ್ಕನ್ನೂ ತೆಗೆಯಬೇಕು. ಒಂದೇ ಜಾಗದಲ್ಲಿ ಖಾಯಂ ಕೂತಿರುವ ಪ್ರೊಜೆಕ್ಟರ್‌ಗೆ ಇಷ್ಟು ಸಾಕು. ನನ್ನದು ಊರೂರು ತಿರುಗುವ ಸೆಟ್. ಕೇಬಲ್ ಬಿಚ್ಚಿ ಹಾಕಿದಾಗ ನಂಬರ್ ಅದಲು ಬದಲಾಯಿತು ಅಂದರೆ ಕಥೆ ಮುಗಿಯಿತು.

ಕೊನೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಪ್ಲೇಯರ್ ಆಗಿ ಎಂಪಿವಿ (mpv), ಇವೆರಡಕ್ಕೆ ಬಂದೆ. ಎಂಪಿವಿಯಲ್ಲಿ ಪರದೆಗೆ ನಂಬರ್ ಬದಲು ಹೆಸರು ಕೊಡಬಹುದು. ಎಕ್ಸ್‌ರ‍್ಯಾಂಡರ್ (xrandr) ಅನ್ನುವ ಕಮಾಂಡ್ ಓಡಿಸಿದರೆ ಹೆಸರು ಕಾಣುತ್ತದೆ. ನನ್ನದರಲ್ಲಿ ಪ್ರೊಜೆಕ್ಟರ್ ಕೇಬಲ್ ಚುಚ್ಚುವ ಸಾಕೆಟ್ಟಿನ ಹೆಸರು ‘ಎಚ್‌ಡಿಎಂಐ-1’ (HDMI-1). ಅದನ್ನು ಎಂಪಿವಿಯ ಸೆಟ್ಟಿಂಗ್ ಬರೆಯುವ ಕಾನ್ಫಿಗ್ ಫೈಲಿನಲ್ಲಿ ‘ಎಫ್‌ಎಸ್-ಸ್ಕ್ರೀನ್-ನೇಮ್’ (fs-screen-name) ಅನ್ನುವ ಸಾಲಿಗೆ ಬರೆದೆ, ಫುಲ್‌ಸ್ಕ್ರೀನ್‌ಗೆ ‘ಎಫ್‌ಎಸ್’ (fs) ಯೆಸ್ ಮಾಡಿದೆ. ಆದರೂ ಆಗಲಿಲ್ಲ! ಎರಡು ರಾತ್ರಿ ಕೂತೆ. ಹಿಂದೆ ನಂಬರ್ ಕೊಟ್ಟಿದ್ದ ಹಳೆ ಸಾಲು ಅದೇ ಫೈಲಿನಲ್ಲಿ ಉಳಿದಿತ್ತು. ನಂಬರ್ ಇದ್ದರೆ ಎಂಪಿವಿ ಹೆಸರನ್ನು ನೋಡುವುದೇ ಇಲ್ಲ. ಆ ಸಾಲು ಅಳಿಸಿದೆ, ಪಟ್ಟನೆ ಪರದೆಯಲ್ಲಿ ಹೊಳೆ ಬಂತು. ನೀವು ಲ್ಯಾಪ್‌ಟಾಪ್ ಬದಲಿಸಿದರೆ ಹೆಸರು ಇನ್ನೊಮ್ಮೆ ನೋಡಿಕೊಳ್ಳಿ. ಡ್ರೈವರ್ ಬೇರೆಯಾದರೆ ಅದೇ ಸಾಕೆಟ್ಟಿಗೆ ‘ಎಚ್‌ಡಿಎಂಐ1’ ಅಂತಲೋ ‘ಎಚ್‌ಡಿಎಂಐ-0’ ಅಂತಲೋ ಹೆಸರಿರುತ್ತದೆ. ನಡುವಿನ ಗೀಟು ಮುಖ್ಯ. ಇನ್ನೊಂದು ಮಾತು, ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ಹಾಕುವ ಹಳೆ ವ್ಯವಸ್ಥೆ ಎಕ್ಸ್11ನಲ್ಲೇ ನಾನು ಓಡಿಸುತ್ತೇನೆ. ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಸಾಮಾನ್ಯ ವಿಂಡೋ ತನ್ನ ಜಾಗ ತಾನೇ ಆರಿಸಿಕೊಳ್ಳಲು ಬಿಡುವುದಿಲ್ಲ.

ತುಣುಕು ತುಣುಕಿಗೂ ಪ್ಲೇಯರ್ ಮುಚ್ಚಿ ತೆರೆಯಬಾರದು. ಒಂದೇ ಸಲ ತೆರೆದು, ಖಾಲಿ ಇದ್ದರೂ ಕಪ್ಪಗೆ ನಿಂತಿರುವ ಹಾಗೆ ಮಾಡಬೇಕು. ಅದೇ ಕಾನ್ಫಿಗ್ ಫೈಲಿನಲ್ಲಿ ಐಡಲ್ (idle) ಮತ್ತು ಫೋರ್ಸ್-ವಿಂಡೋ (force-window) ಎರಡೂ ಯೆಸ್. ಜೊತೆಗೆ ಓಎಸ್‌ಸಿ (osc, ಪರದೆ ಮೇಲೆ ಬರುವ ಬಟನ್ ಪಟ್ಟಿ) ನೋ ಮಾಡಲೇಬೇಕು, ಇಲ್ಲದಿದ್ದರೆ ‘ಫೈಲ್ ಇಲ್ಲಿ ಬಿಡಿ’ ಅನ್ನುವ ಇಂಗ್ಲಿಷ್ ಸಾಲು ಇಡೀ ಪರದೆ ಮೇಲೆ ಕೂತಿರುತ್ತದೆ. ಮೌಸ್ ಆ ಕಡೆ ನುಸುಳದಿರಲು ಎರಡು ಪರದೆಗಳನ್ನು ಅಕ್ಕಪಕ್ಕ ಇಡಬೇಡಿ. ಸೆಟ್ಟಿಂಗ್‌ನಲ್ಲಿ ಮೂಲೆಗೆ ಮೂಲೆ ತಾಗುವ ಹಾಗೆ ಓರೆಯಾಗಿ ಇಡಿ. ಬಾಣ ದಾಟುವುದು ತುಂಬಾ ಕಮ್ಮಿಯಾಗುತ್ತದೆ. ಇದು ನಾನೇ ಕಂಡುಕೊಂಡದ್ದು. ತುಣುಕುಗಳನ್ನು ನಾನು ಒಂದು ಚಿಕ್ಕ ನಂಬರ್ ಕೀಪ್ಯಾಡ್‌ನಿಂದ ಕರೆಯುತ್ತೇನೆ, ಐಪಿಸಿ ಸಾಕೆಟ್ (ಬೇರೆ ಪ್ರೋಗ್ರಾಮ್ ಎಂಪಿವಿಗೆ ಆಜ್ಞೆ ಕಳಿಸುವ ದಾರಿ) ಮೂಲಕ. ಹಾಗೆ ಕರೆಯುವ ಕಂಪ್ಯೂಟರ್ ಸ್ಕ್ರಿಪ್ಟ್ ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಹೆಸರು ಹಿಡಿದದ್ದು ಅರ್ಧ ಕೆಲಸ. ಇನ್ನರ್ಧ ಕರೆಂಟು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುತ್ತಾ? ಪ್ರೊಜೆಕ್ಟರ್ ಆರಿದ ತಕ್ಷಣ ಲ್ಯಾಪ್‌ಟಾಪ್‌ಗೆ ಆ ಪರದೆಯೇ ಇಲ್ಲ ಅನ್ನಿಸುತ್ತದೆ. ಎಲ್ಲ ವಿಂಡೋ ಈ ಕಡೆ ಬಂದು ಬೀಳುತ್ತವೆ. ಹೆಸರಿನ ಪರದೆಯೇ ಇಲ್ಲದಿದ್ದರೆ ಹೆಸರು ಕೊಟ್ಟು ಏನು ಉಪಯೋಗ? ಪ್ರೊಜೆಕ್ಟರನ್ನೂ ಯುಪಿಎಸ್‌ಗೆ ಹಾಕಿ ನೋಡಿದೆ. ದೀಪ ಒಂದೇ ಸುಮಾರು 250 ವ್ಯಾಟ್ ತಿನ್ನುತ್ತದೆ, 600 ವಿಎ ಯುಪಿಎಸ್ ಎರಡು ಮೂರು ನಿಮಿಷಕ್ಕೇ ಕೂಗಿ ಮಲಗಿತು.

ಉಪಾಯ ಸಿಕ್ಕಿದ್ದು ಒಂದು ಎಚ್‌ಡಿಎಂಐ ಸ್ಪ್ಲಿಟರ್‌ನಲ್ಲಿ, ಅಂದರೆ ಒಂದು ಕೇಬಲ್ಲಿನ ಚಿತ್ರವನ್ನು ಹಲವು ಕಡೆ ಹಂಚುವ ಡಬ್ಬಿ. ಕರೆಂಟಿಗೆ ತನ್ನದೇ ಬೇರೆ ಅಡಾಪ್ಟರ್ ಇರುವಂಥದ್ದೇ ಬೇಕು. ಅದನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟು ಅದಕ್ಕೆ ಮಾತ್ರ ಯುಪಿಎಸ್ ಕೊಟ್ಟೆ. ಪ್ರೊಜೆಕ್ಟರ್ ಸತ್ತರೂ ‘ನಾನಿದ್ದೇನೆ’ ಅಂತ ಲ್ಯಾಪ್‌ಟಾಪ್‌ಗೆ ಹೇಳುತ್ತಾ ಇರುವುದು ಸ್ಪ್ಲಿಟರ್. ಎಲ್ಲ ಸ್ಪ್ಲಿಟರ್ ಹೀಗೆ ಮಾಡುವುದಿಲ್ಲ. ನಾನು ತಂದ ಎರಡರಲ್ಲಿ ಒಂದು ಮಾಡಿತು. ಅಂಗಡಿಯಲ್ಲೇ ಲ್ಯಾಪ್‌ಟಾಪ್ ಹಾಕಿ, ಆ ಕಡೆಯ ಕೇಬಲ್ ಎಳೆದು ನೋಡಿ, ಆಮೇಲೆ ದುಡ್ಡು ಕೊಡಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಹಳೆ ಲ್ಯಾಪ್‌ಟಾಪ್ 13,000, ಯುಪಿಎಸ್ 3,200, ಸ್ಪ್ಲಿಟರ್ ಎರಡಕ್ಕೆ 1,600 ಹತ್ತಿರ. 15 ಮೀಟರ್ ಕೇಬಲ್‌ಗೆ ಶಿವಮೊಗ್ಗದಲ್ಲಿ 1,700 ಕೊಟ್ಟೆ. 1920 ಗುಣಿಸು 1080 ಪಿಕ್ಸೆಲ್‌ನಲ್ಲಿ ಚಿತ್ರ ಚುಕ್ಕೆ ಚುಕ್ಕೆಯಾಗಿ ಆರಿ ಆರಿ ಹೋಯಿತು. ವಾಪಸ್ ತಗೊಳ್ಳಲಿಲ್ಲ. ಇನ್ನೊಂದು ಕೇಬಲ್ ಕೊಂಡಮೇಲೆ ಹೊಳೆದದ್ದು ಏನೆಂದರೆ, 1280 ಗುಣಿಸು 720ಕ್ಕೆ ಇಳಿಸಿದರೆ ಹಳೆ ಕೇಬಲ್ಲೇ ಚೆನ್ನಾಗಿ ನಡೆಯುತ್ತಿತ್ತು! ಬಟ್ಟೆ ಪರದೆ ಮೇಲೆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಆ 1,700 ಈಗಲೂ ಹೊಟ್ಟೆ ಉರಿಸುತ್ತದೆ.

ಬಟ್ಟೆಯ ಮಾತು ಬಂತಲ್ಲ. ಪ್ರೊಜೆಕ್ಟರನ್ನು ಬಟ್ಟೆ ಪರದೆಯ ಹಿಂದಿನಿಂದ ಬಿಟ್ಟರೆ ಪಾತ್ರದವರ ನೆರಳು ಬೀಳುವುದಿಲ್ಲ. ಮೆನುವಿನಲ್ಲಿ ರಿಯರ್ ಅಂತ ಮಾಡಿದರೆ ಚಿತ್ರ ತಾನೇ ತಿರುಗುತ್ತದೆ. ಆದರೆ ತೆಳು ಬಟ್ಟೆಯಾದರೆ ಮುಂದೆ ಕೂತವರ ಕಣ್ಣಿಗೆ ಲೆನ್ಸ್ ಒಂದು ಸೂರ್ಯನ ಹಾಗೆ ಹೊಡೆಯುತ್ತದೆ. ಅಡಿಕೆ ಅಂಗಳದಲ್ಲಿ ಗಳ ನೆಟ್ಟು ಐದಾರು ಥರ ಬಟ್ಟೆ ಕಟ್ಟಿ ನೋಡಿದೆ. ಪ್ರೊಜೆಕ್ಟರನ್ನು ನೆಲದ ಹತ್ತಿರ ಇಟ್ಟು ಮೇಲ್ಮುಖ ಮಾಡಿದರೆ ಆ ಹೊಳಪು ವೇದಿಕೆಯ ಅಂಚಿನ ಕೆಳಗೆ ಅಡಗುತ್ತದೆ. ಯಾವ ಬಟ್ಟೆ ಗೆದ್ದಿತು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆ ದಿನ ನಾಲ್ಕನೇ ದೃಶ್ಯದಲ್ಲಿ ಕರೆಂಟ್ ಹೋಯಿತು. ಹೊಳೆ ದಾಟುವ ಭಾಗ. ನಾನು ವಿಡಿಯೊ ತಡೆದು ನಿಲ್ಲಿಸುವ ಪಾಸ್ (pause) ಒತ್ತಿದೆ ಅಷ್ಟೇ. ಹಾರ್ಮೋನಿಯಂನವರು ಹಾಡು ಎತ್ತಿಕೊಂಡರು, ಪಾತ್ರದವರು ಎಮರ್ಜೆನ್ಸಿ ದೀಪದಲ್ಲೇ ನಿಂತರು. ಜನರೇಟರ್ ಬಂತು. ಬಿಸಿಯಾದ ದೀಪ ಮತ್ತೆ ಹತ್ತಲು ಎರಡು ನಿಮಿಷ ಕಾಯಬೇಕಾಯಿತು. ಹತ್ತಿದಾಗ ಅದೇ ಹೊಳೆ, ಅದೇ ಜಾಗದಲ್ಲಿ ನಿಂತಿತ್ತು. ಪಾಸ್ ತೆಗೆದೆ, ನೀರು ಹರಿಯಿತು.

ಈಗ ಎರಡು ಪ್ರೊಜೆಕ್ಟರ್ ಅಕ್ಕಪಕ್ಕ ಇಟ್ಟು ಅಗಲದ ಕಾಡು ಮಾಡುವ ಪ್ರಯತ್ನ ನಡೆದಿದೆ. ಎರಡು ಎಂಪಿವಿ, ಎರಡು ಹೆಸರು. ಪರದೆ ತಪ್ಪುವುದಿಲ್ಲ, ಆದರೆ ಹತ್ತು ನಿಮಿಷಕ್ಕೆ ಒಂದು ಕಡೆಯ ಮರ ಸ್ವಲ್ಪ ಹಿಂದೆ ಬೀಳುತ್ತದೆ. ಮೇಷ್ಟ್ರು ಈ ಸಲ ಸೀನರಿಯ ಮಾತು ಎತ್ತಿಲ್ಲ.