ನಕ್ಷೆಯ ಬಿಳಿ ಜಾಗ: ಜನರ ನಡುವೆ ಕಲಿಯಲು ಹೊರಟ ನಗರ ಯೋಜಕರಿಗೊಂದು ಕೈಪಿಡಿ

ನಗರ ಯೋಜಕರ ವೃತ್ತಿಪರ ಕಲಿಕೆಗೆ ಹಲವು ದೇಶಗಳಲ್ಲಿ ಗಂಟೆಗಳ ಲೆಕ್ಕವಿದೆ. ಬ್ರಿಟನ್ನಿನ ರಾಯಲ್ ಟೌನ್ ಪ್ಲಾನಿಂಗ್ ಇನ್‌ಸ್ಟಿಟ್ಯೂಟ್ ತನ್ನ ವೃತ್ತಿನಿರತ ಸದಸ್ಯರು ಎರಡು ವರ್ಷಗಳಲ್ಲಿ ಕನಿಷ್ಠ 50 ಗಂಟೆಗಳನ್ನು ಕಲಿಕೆಗೆ ಮೀಸಲಿಡಬೇಕೆಂದು ಕೇಳುತ್ತದೆ. ಅಮೆರಿಕದ ಪ್ರಮಾಣೀಕೃತ ಯೋಜಕರು ಅಷ್ಟೇ ಅವಧಿಯಲ್ಲಿ 32 ಕ್ರೆಡಿಟ್‌ಗಳನ್ನು ಗಳಿಸಬೇಕು, ಅವುಗಳಲ್ಲಿ ಕಾನೂನು ಮತ್ತು ವೃತ್ತಿನೀತಿಗೆ ಸೇರಿದ ಪಾಲು ಕಡ್ಡಾಯ. ಸಾರ್ವಜನಿಕ ಸಭೆಗಳಿಗೂ ಇಂಥದ್ದೇ ಲೆಕ್ಕ ಇರುತ್ತದೆ: ಎಷ್ಟು ಸಭೆ ನಡೆಯಿತು, ಎಷ್ಟು ಜನ ಸಹಿ ಹಾಕಿದರು, ಎಷ್ಟು ಆಕ್ಷೇಪಣೆ ಬಂತು ಎಂದು. ಮೊದಲ ಲೆಕ್ಕ ಸಿಬ್ಬಂದಿ ವಿಭಾಗದ ಕಡತದಲ್ಲಿ, ಎರಡನೆಯದು ಯೋಜನೆಯ ಕಡತದಲ್ಲಿ ಉಳಿಯುವುದರಿಂದ ಆ ಎರಡೂ ಕಡತಗಳು ಒಂದರ ಮುಖವನ್ನೊಂದು ನೋಡುವುದೇ ಇಲ್ಲ.

ಯೋಜಕ ನಿಜವಾಗಿ ಕಲಿಯುವುದು ತನ್ನ ನಕ್ಷೆಯನ್ನು ಜನ ತಿದ್ದುವ ಹೊತ್ತಿನಲ್ಲಿ, ಅದೂ ತಿದ್ದಿದ್ದನ್ನು ಆತ ಬರೆದಿಟ್ಟುಕೊಂಡರೆ ಮಾತ್ರ ಎಂಬುದು ನನ್ನ ಅನುಭವ. ಹಾಗಾಗಿ ಒಂದು ಬಡಾವಣೆಯ ಯೋಜನೆ ಕೈಗೆ ಬಂದ ದಿನದಿಂದ ಜನರಿಗೆ ಉತ್ತರ ಕೊಡುವ ದಿನದವರೆಗಿನ ಒಂದು ಸುತ್ತನ್ನು ಕೆಲಸವೂ ಕಲಿಕೆಯೂ ಆಗುವಂತೆ ನಡೆಸುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ಬೇಕಾದದ್ದು ಒಂದು ದಪ್ಪ ನೋಟ್‌ಬುಕ್, ದೊಡ್ಡ ಹಾಳೆಯ ನಕ್ಷೆ ಮತ್ತು ಒಂದಿಷ್ಟು ಸಹನೆ.

ಊಹೆಗಳನ್ನು ಮೊದಲೇ ಬರೆದಿಡಿ

ಸ್ಥಳಕ್ಕೆ ಕಾಲಿಡುವ ಮೊದಲೇ ಆ ಪ್ರದೇಶದ ಬಗ್ಗೆ ನೀವು ನಂಬಿರುವ ಹತ್ತು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವು ತಪ್ಪೆಂದು ಸಾಬೀತಾಗಬಲ್ಲಂಥ ವಾಕ್ಯಗಳಾಗಿರಬೇಕು. ‘ಈ ರಸ್ತೆಯಲ್ಲಿ ದಟ್ಟಣೆ ಹೆಚ್ಚು’ ಎಂದು ಬರೆದರೆ ಅದನ್ನು ಯಾರೂ ಅಲ್ಲಗಳೆಯಲಾರರು, ಹಾಗಾಗಿ ಅದರಿಂದ ಕಲಿಯುವುದೂ ಏನಿಲ್ಲ. ‘ಬೆಳಿಗ್ಗೆ 8ರಿಂದ 9ರೊಳಗೆ ಈ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾಹನದಲ್ಲಿ ಬರುತ್ತಾರೆ’ ಎಂದು ಬರೆದರೆ ಅದನ್ನು ಗೇಟಿನ ಬಳಿ ನಿಂತು ಎಣಿಸಿ ನೋಡಬಹುದು. ಪ್ರತಿ ಊಹೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬುದನ್ನೂ ಗುರುತಿಸಿ: ಸರ್ವೆಯಿಂದಲೋ, ಹಳೆಯ ವರದಿಯಿಂದಲೋ, ಮೇಲಧಿಕಾರಿಯ ಮಾತಿನಿಂದಲೋ, ಕಾಲೇಜಿನ ಪಾಠದಿಂದಲೋ. ಈ ಕೊನೆಯ ಅಂಕಣವನ್ನು ಪ್ರಾಮಾಣಿಕವಾಗಿ ತುಂಬುವುದು ಕಷ್ಟ, ಏಕೆಂದರೆ ಹತ್ತರಲ್ಲಿ ನಾಲ್ಕೈದು ಊಹೆಗಳಿಗೆ ಮೂಲವೇ ಸಿಗುವುದಿಲ್ಲ.

ಯಾವುದು ಇನ್ನೂ ತೀರ್ಮಾನವಾಗಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಜನರನ್ನು ಕರೆಯುವ ಮೊದಲು ಮೇಲಧಿಕಾರಿಗಳ ಬಳಿ ಕುಳಿತು, ಈ ಯೋಜನೆಯಲ್ಲಿ ಏನೇನು ಬದಲಾಗಬಲ್ಲದು, ಏನೇನು ಬದಲಾಗದು ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ. ರಸ್ತೆಯ ಅಗಲ ಆಗಲೇ ನಿಗದಿಯಾಗಿದ್ದರೆ ಅದರ ಬಗ್ಗೆ ಅಭಿಪ್ರಾಯ ಕೇಳುವುದು ಜನರಿಗೆ ಮಾಡುವ ಅವಮಾನ. ನೆರಳು ಎಲ್ಲಿ ಬೇಕು, ದಾಟುವ ಜಾಗ ಎಲ್ಲಿರಬೇಕು, ನಿಲ್ದಾಣ ಯಾವ ಮೂಲೆಗೆ ಬರಬೇಕು ಎಂಬುದು ಇನ್ನೂ ತೀರ್ಮಾನವಾಗದೆ ಉಳಿದಿದ್ದರೆ ಅಷ್ಟನ್ನೇ ಕೇಳಿ, ಆದರೆ ಅಷ್ಟನ್ನು ಪೂರ್ತಿಯಾಗಿ ಕೇಳಿ.

ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ 1969ರಲ್ಲಿ ನಾಗರಿಕ ಸಹಭಾಗಿತ್ವವನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ತಳದ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಪಳಗಿಸುವ ಕೆಲಸ ನಡೆಯುತ್ತದೆಯೇ ಹೊರತು ಸಹಭಾಗಿತ್ವವಲ್ಲ. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಎಂಬ ನಡುವಿನ ಮೂರನ್ನು ಅವರು ತೋರಿಕೆಯ ಸಾಲಿಗೆ ಸೇರಿಸಿದರು. ಮೇಲಿನ ಮೂರರಲ್ಲಿ ಮಾತ್ರ ನಿರ್ಧಾರದ ಅಧಿಕಾರದಲ್ಲಿ ಜನರಿಗೆ ಪಾಲು ಸಿಗುತ್ತದೆ. ಎಲ್ಲ ಸಭೆಯೂ ಮೇಲಿನ ಮೆಟ್ಟಿಲಿನಲ್ಲೇ ನಡೆಯಬೇಕೆಂದು ನಾನು ಹೇಳುವುದಿಲ್ಲ, ಒಳಚರಂಡಿಯ ಇಳಿಜಾರನ್ನು ಕೈಯೆತ್ತಿಸಿ ನಿರ್ಧರಿಸಲಾಗದು. ಆದರೆ ನಿಮ್ಮ ಸಭೆ ಯಾವ ಮೆಟ್ಟಿಲಿನದು ಎಂಬುದನ್ನು ಆಹ್ವಾನ ಪತ್ರದಲ್ಲೇ ಸರಳ ಮಾತಿನಲ್ಲಿ ಬರೆಯಿರಿ. ಮೂರನೆಯ ಮೆಟ್ಟಿಲಿನ ಸಭೆಗೆ ಆರನೆಯ ಮೆಟ್ಟಿಲಿನ ಹೆಸರಿಟ್ಟರೆ ಜನ ಮೊದಲ ಸಲ ನಂಬಿ ಬರುತ್ತಾರೆ, ಎರಡನೆಯ ಸಲ ಬರುವುದಿಲ್ಲ.

ಸಭೆಗೆ ಮುಂಚೆ ಮೂರು ಬಾರಿ ನಡೆಯಿರಿ

ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಸಾಧ್ಯವಾದರೆ ಮಳೆಯಲ್ಲಿ ಒಮ್ಮೆ ಆ ಪ್ರದೇಶವನ್ನು ನಡೆದು ನೋಡಿ. ‘ಯೋಜನೆಗೆ ಮೊದಲು ಸಮೀಕ್ಷೆ’ ಎಂಬ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಅವರ ಸೂತ್ರಕ್ಕೆ ನೂರು ವರ್ಷ ಕಳೆದಿದೆ. ಅವರ ಸಮೀಕ್ಷೆಯಲ್ಲಿ ಕಾಲ್ನಡಿಗೆಗೆ ದೊಡ್ಡ ಪಾಲಿತ್ತು. ನಡೆಯುವುದರ ಜೊತೆಗೆ ಒಂದು ಕಡೆ ಕುಳಿತು ನೋಡುವುದೂ ಬೇಕು. ಸಾರ್ವಜನಿಕ ಜಾಗಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಕಚೇರಿ ಕಟ್ಟಡಗಳ ಮುಂದಿನ ಚೌಕಗಳ ಎದುರು ಕ್ಯಾಮೆರಾ ಇಟ್ಟು, ಯಾವ ಚೌಕದಲ್ಲಿ ಜನ ನಿಲ್ಲುತ್ತಾರೆ, ಯಾವುದನ್ನು ಬಿಟ್ಟು ಹೋಗುತ್ತಾರೆ ಎಂದು ದಿನಗಟ್ಟಲೆ ಚಿತ್ರೀಕರಿಸಿದರು. ಚೌಕದ ಆಕಾರ, ವಿಸ್ತೀರ್ಣ ಇತ್ಯಾದಿ ಕಾರಣಗಳನ್ನೆಲ್ಲ ಜಾಲಾಡಿದ ಮೇಲೆ ಅವರಿಗೆ ತಿಳಿದದ್ದು, ಕೂರಲು ಜಾಗವಿರುವಲ್ಲಿ ಜನ ಕೂರುತ್ತಾರೆ ಎಂಬುದು. ಆ ಅಧ್ಯಯನದ ಫಲವಾಗಿ ಆಸನಗಳ ಕುರಿತ ಅಗತ್ಯಗಳು ಆ ನಗರದ ವಲಯ ನಿಯಮಾವಳಿಯೊಳಕ್ಕೆ, ಅಂದರೆ ಎಲ್ಲಿ ಏನನ್ನು ಹೇಗೆ ಕಟ್ಟಬಹುದೆಂಬ ನಿಯಮಗಳೊಳಕ್ಕೆ, ಸೇರಿದವು.

ನಡೆಯುವಾಗ ಐದಾರು ನಿವಾಸಿಗಳಿಗೆ ಖಾಲಿ ಹಾಳೆ ಕೊಟ್ಟು ತಮ್ಮ ಪ್ರದೇಶದ ಚಿತ್ರವನ್ನು ನೆನಪಿನಿಂದ ಬರೆದುಕೊಡಲು ಕೇಳಿ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ಹೀಗೆ ಜನರಿಂದ ಬರೆಸಿದ ಚಿತ್ರಗಳ ಆಧಾರದಿಂದಲೇ 1960ರಲ್ಲಿ ದಾರಿ, ಅಂಚು, ಪ್ರದೇಶ, ಕೂಡುಸ್ಥಳ, ಹೆಗ್ಗುರುತು ಎಂಬ ಐದು ಅಂಶಗಳನ್ನು ಮಂಡಿಸಿದ್ದು. ಚಿತ್ರ ಚೆಂದವಿರಬೇಕಾಗಿಲ್ಲ. ಅದರಲ್ಲಿ ಏನು ದೊಡ್ಡದಾಗಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ನೋಡಿ. ನೀವು ಮುಖ್ಯ ರಸ್ತೆ ಎಂದುಕೊಂಡದ್ದು ಐದರಲ್ಲಿ ನಾಲ್ಕು ಚಿತ್ರಗಳಲ್ಲಿ ಇಲ್ಲದಿದ್ದರೆ ನಿಮ್ಮ ಹತ್ತು ಊಹೆಗಳಲ್ಲಿ ಒಂದು ಆಗಲೇ ಬಿದ್ದಂತೆ.

ನಕ್ಷೆಯನ್ನು ಮೇಜಿನ ಮೇಲೆ ಹಾಸಿ

ಸಭಾಂಗಣದಲ್ಲಿ ವೇದಿಕೆ, ಮೈಕು, ಸಾಲು ಕುರ್ಚಿ ಇದ್ದರೆ ಅದು ಮೈಕು ಸಿಕ್ಕವರ ಸಭೆಯಾಗುತ್ತದೆ. ಕುರ್ಚಿಗಳನ್ನು ಎತ್ತಿಡಿಸಿ, ಮೇಜುಗಳನ್ನು ಜೋಡಿಸಿ, ಮೇಜಿಗೆ ಆರರಿಂದ ಎಂಟು ಜನ ಕೂರುವಂತೆ ಮಾಡಿ. ಪ್ರತಿ ಮೇಜಿನ ಮೇಲೂ ಮುದ್ರಿತ ನಕ್ಷೆ ಇರಲಿ. ನಕ್ಷೆಯ ಅಳತೆಯಲ್ಲಿ ರಾಜಿಯಾಗಬೇಡಿ. ಇಡೀ ನಗರದ ಮಹಾಯೋಜನೆಗೆ ಬಳಸುವ 1:10,000 ಅಳತೆಯಲ್ಲಿ ಹತ್ತು ಮೀಟರ್ ಅಗಲದ ಮನೆ ಒಂದು ಮಿಲಿಮೀಟರಿನ ಚುಕ್ಕೆಯಾಗುತ್ತದೆ, ತನ್ನ ಮನೆಯನ್ನೇ ಕಾಣಲಾಗದವರು ಆ ನಕ್ಷೆಯ ಬಗ್ಗೆ ಏನು ಹೇಳಿಯಾರು? 1:500ರಲ್ಲಿ ಅದೇ ಮನೆ ಎರಡು ಸೆಂಟಿಮೀಟರ್ ಇರುತ್ತದೆ, ಅದರ ಮೇಲೆ ಬೆರಳಿಡಬಹುದು. ಎ0 ಗಾತ್ರದ (ಸುಮಾರು 84 ಸೆಂ.ಮೀ.ಗೆ 119 ಸೆಂ.ಮೀ.) ಒಂದು ಹಾಳೆಗೆ ಆ ಅಳತೆಯಲ್ಲಿ ಸುಮಾರು 420 ಮೀಟರಿಗೆ 590 ಮೀಟರಿನಷ್ಟು ಜಾಗ ಹಿಡಿಸುತ್ತದೆ. ಒಂದು ಮೇಜಿನವರು ದಿನವೂ ಓಡಾಡುವ ಪ್ರದೇಶ ಹೆಚ್ಚುಕಡಿಮೆ ಅಷ್ಟೇ.

ವೃತ್ತಿಗೆ ಬಂದ ಹೊಸತರಲ್ಲಿ ನಾನು ಇಂಥ ಒಂದು ಮೇಜಿನ ಬಳಿ ನಿಂತಿದ್ದೆ. ನಕ್ಷೆಯ ನಡುವೆ ಸರ್ವೆಯಲ್ಲಿ ‘ಖಾಲಿ’ ಎಂದು ದಾಖಲಾಗಿದ್ದ ಬಿಳಿ ಜಾಗವೊಂದಿತ್ತು, ಅದಕ್ಕೆ ಬೇಲಿ ಹಾಕಿ ಉದ್ಯಾನ ಮಾಡುವ ಪ್ರಸ್ತಾವ ನನ್ನದೇ. ವಯಸ್ಸಾದ ಒಬ್ಬ ಹೆಂಗಸು ಬಹಳ ಹೊತ್ತು ಹಾಳೆಯನ್ನು ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಎದ್ದು ನಿಂತು, ಎರಡೂ ಕೈಗಳಿಂದ ಹಾಳೆಯನ್ನು ಕಾಲುಸುತ್ತು ತಿರುಗಿಸಿ, ನಕ್ಷೆಯ ರಸ್ತೆ ಹೊರಗಿನ ರಸ್ತೆಯ ದಿಕ್ಕಿಗೇ ಬರುವಂತೆ ಇಟ್ಟುಕೊಂಡರು. ಮೇಲ್ಗಡೆ ಉತ್ತರವಿರಬೇಕೆಂಬ ನಮ್ಮ ಶಿಸ್ತು ಅವರಿಗೆ ಅಡ್ಡಿಯಾಗಿತ್ತು, ಅಷ್ಟೆ. ನಂತರ ತಮ್ಮ ಮನೆಯ ಮೇಲೆ ತೋರುಬೆರಳಿಟ್ಟು, ಬಿಳಿ ಜಾಗದ ನಡುವೆ ಓರೆಯಾಗಿ ಎಳೆಯುತ್ತ ಬಂದು ಬಸ್ ನಿಲ್ದಾಣದಲ್ಲಿ ನಿಲ್ಲಿಸಿದರು. ‘ಇಲ್ಲಿಗೆ ಬೇಲಿ ಬಂದರೆ ನಾನು ಬಸ್ಸಿಗೆ ಹೇಗೆ ಹೋಗಲಿ?’ ಎಂದರು. ಅದು ಖಾಲಿ ಜಾಗವಾಗಿರಲಿಲ್ಲ. ಜನ ನಡೆದು ನಡೆದು ಮೂಡಿದ ದಾರಿ ಅದರ ಮೇಲೆ ಹಾದಿತ್ತು, ಸರ್ವೆಯವರು ಅದನ್ನು ಗುರುತಿಸಿರಲಿಲ್ಲ. ನಾನೂ ಆ ಜಾಗದ ಅಂಚಿನವರೆಗೆ ಕಾರಿನಲ್ಲಿ ಹೋಗಿ ಬಂದಿದ್ದೆ.

ಅಂದಿನಿಂದ ಎರಡು ಅಭ್ಯಾಸ ಉಳಿದಿವೆ. ಸಭಾಂಗಣದ ಬಾಗಿಲಲ್ಲಿ ನಿಂತು ದಿಕ್ಕು ನೋಡಿಕೊಂಡು, ನಕ್ಷೆಗಳನ್ನು ನೆಲದ ದಿಕ್ಕಿಗೆ ಸರಿಯಾಗಿ ಹಾಸುತ್ತೇನೆ. ‘ಈ ಪ್ರಸ್ತಾವ ಹೇಗಿದೆ?’ ಎಂಬ ಪ್ರಶ್ನೆಯನ್ನು ಬಿಟ್ಟು, ‘ನಿನ್ನೆ ಮನೆಯಿಂದ ಎಲ್ಲೆಲ್ಲಿಗೆ ಹೋದಿರಿ, ಬೆರಳಿಟ್ಟು ತೋರಿಸಿ’ ಎಂದು ಮಾತು ಆರಂಭಿಸುತ್ತೇನೆ. ಮೊದಲ ಪ್ರಶ್ನೆಗೆ ‘ಚೆನ್ನಾಗಿದೆ’ ಅಥವಾ ‘ಬೇಡ’ ಎಂಬ ಎರಡೇ ಉತ್ತರ. ಎರಡನೆಯದಕ್ಕೆ ಊರಿನ ಅರ್ಧ ವಿವರವೇ ಬರುತ್ತದೆ. ಜಗುಲಿಯ ಯಾವ ಮೆಟ್ಟಿಲವರೆಗೆ ಮಳೆನೀರು ಏರುತ್ತದೆ, ಯಾವ ದೀಪ ಉರಿಯುವುದಿಲ್ಲ, ಗಾಲಿಕುರ್ಚಿ ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನೆಲ್ಲ ಅಲ್ಲೇ ಶಾಯಿಯಲ್ಲಿ ಗುರುತಿಸಿಕೊಳ್ಳಿ. ಬಣ್ಣದ ಅಂಟುಚೀಟಿಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಫೋಟೊದಲ್ಲಿ ಸೊಗಸಾಗಿ ಕಾಣುತ್ತವೆ, ಫ್ಯಾನ್ ಹಾಕಿದೊಡನೆ ಹಾರಿಹೋಗುತ್ತವೆ.

ಸಭೆಗೆ ಬಾರದವರ ಪಟ್ಟಿಯೂ ಬೇಕು. ಪಾಳಿ ಕೆಲಸದವರು, ಬಾಡಿಗೆ ಮನೆಯವರು, ಚಿಕ್ಕ ಮಕ್ಕಳ ತಾಯಂದಿರು, ಹದಿಹರೆಯದವರು ಸಂಜೆಯ ಸಭೆಯಲ್ಲಿ ಕಡಿಮೆ. ಅವರಿಗಾಗಿ ಅದೇ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನಿಲ್ದಾಣಕ್ಕೋ ಶಾಲೆಯ ಗೇಟಿಗೋ ನೀವೇ ಹೋಗಬೇಕು.

ಮರಳಿ ಬಂದ ದಿನವೇ ಬರೆಯಿರಿ

ಸಭೆ ಮುಗಿದ ರಾತ್ರಿ ನೋಟ್‌ಬುಕ್ ತೆರೆದು ಹತ್ತು ಊಹೆಗಳ ಎದುರು ಉಳಿಯಿತು, ಬಿತ್ತು, ಗೊತ್ತಾಗಲಿಲ್ಲ ಎಂದು ಬರೆಯಿರಿ. ಬಿದ್ದ ಊಹೆಗಳ ಪಕ್ಕದಲ್ಲಿ ಅದನ್ನು ಬೀಳಿಸಿದ ಮಾತನ್ನು ಆಡಿದವರ ನುಡಿಯಲ್ಲೇ ದಾಖಲಿಸಿ. ಮರುದಿನಕ್ಕೆ ಬಿಟ್ಟರೆ ‘ಬಸ್ಸಿಗೆ ಹೇಗೆ ಹೋಗಲಿ’ ಎಂಬ ಮಾತು ‘ಸಂಪರ್ಕ ವ್ಯವಸ್ಥೆ ಸುಧಾರಿಸಲು ಸ್ಥಳೀಯರ ಕೋರಿಕೆ’ ಎಂದಾಗಿರುತ್ತದೆ, ಅದರಲ್ಲಿ ದಾರಿಯೂ ಇರುವುದಿಲ್ಲ, ಆ ಹೆಂಗಸೂ ಇರುವುದಿಲ್ಲ.

ವೃತ್ತಿಪರರು ಕೆಲಸ ಮಾಡುತ್ತಲೇ ಹೇಗೆ ಯೋಚಿಸುತ್ತಾರೆ ಎಂಬುದನ್ನು ಅಧ್ಯಯನ ಮಾಡಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಒಬ್ಬ ನಗರ ಯೋಜಕನ ಸಂಗತಿಯೂ ಇದೆ. ಕಟ್ಟಡ ಕಟ್ಟಲು ಬಂದವನೊಂದಿಗಿನ ಮಾತುಕತೆಯನ್ನು ಆ ಯೋಜಕ ಜಾಣತನದಿಂದಲೇ ನಡೆಸುತ್ತಾನೆ, ಆದರೆ ತನ್ನ ಊಹೆಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತಾನೆ, ಎದುರಿಗಿದ್ದವನ ಮುಂದೆ ಇಟ್ಟು ಪರೀಕ್ಷಿಸುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ. ಆದ್ದರಿಂದ ನೋಟ್‌ಬುಕ್ಕಿನ ಈ ಪುಟವನ್ನು ತಿಂಗಳಿಗೊಮ್ಮೆ ಇಬ್ಬರು ಸಹೋದ್ಯೋಗಿಗಳ ಮುಂದೆ ಓದಿ. ಅವರಲ್ಲಿ ಒಬ್ಬರು ನಿಮಗಿಂತ ಕಿರಿಯರಾಗಿರಲಿ, ಇನ್ನೊಬ್ಬರು ಎಂಜಿನಿಯರೋ ಸಮಾಜ ಕಾರ್ಯಕರ್ತರೋ ಆಗಿ ಬೇರೆ ವೃತ್ತಿಯವರಾಗಿರಲಿ.

ಹೇಳಿದವರಿಗೆ ಉತ್ತರ ಕೊಡಿ

ನನ್ನ ಪ್ರಕಾರ ಅತಿ ಹೆಚ್ಚು ಬಿಟ್ಟುಹೋಗುವ ಹೆಜ್ಜೆ ಇದು. ಒಂದೇ ಹಾಳೆಯಲ್ಲಿ ಮೂರು ಅಂಕಣ ಮಾಡಿ: ನೀವು ಹೇಳಿದ್ದು, ನಾವು ಮಾಡಿದ್ದು, ಮಾಡದಿದ್ದರೆ ಅದರ ಕಾರಣ. ಮೂರನೆಯ ಅಂಕಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬರೆಯಬೇಡಿ. ಹಣವಿಲ್ಲದಿದ್ದರೆ ಹಣವಿಲ್ಲ ಎಂದು, ನಿಯಮ ಅಡ್ಡಬಂದರೆ ಯಾವ ನಿಯಮ ಎಂದು, ಇನ್ನೊಂದು ಮೇಜಿನವರು ಇದಕ್ಕೆ ವಿರುದ್ಧವಾದದ್ದನ್ನು ಕೇಳಿದ್ದರೆ ಅದನ್ನೂ ಬರೆಯಿರಿ. ಬ್ರೆಜಿಲ್ ದೇಶದ ಪೋರ್ತು ಅಲೆಗ್ರಿ ನಗರ 1989ರಲ್ಲಿ ಆರಂಭಿಸಿದ ಸಹಭಾಗಿತ್ವದ ಬಜೆಟ್ ಪದ್ಧತಿಯಲ್ಲಿ (ನಗರದ ಹಣದ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ಜನರೇ ನಿರ್ಧರಿಸುವ ಕ್ರಮ) ವರ್ಷದ ಮೊದಲ ಸುತ್ತಿನ ಸಭೆಗಳಲ್ಲೇ ಹಿಂದಿನ ವರ್ಷ ಒಪ್ಪಿದ ಕಾಮಗಾರಿಗಳಲ್ಲಿ ಏನಾಯಿತು ಎಂಬ ಲೆಕ್ಕವನ್ನು ಆಡಳಿತ ಜನರ ಮುಂದಿಡುತ್ತಿತ್ತು. ಹೊಸ ಬೇಡಿಕೆ ಕೇಳುವ ಮುನ್ನ ಹಳೆಯದರ ಲೆಕ್ಕ ಒಪ್ಪಿಸುವ ಈ ಕ್ರಮವನ್ನು ಒಂದು ಸಣ್ಣ ಬಡಾವಣೆಯ ಯೋಜನೆಯಲ್ಲೂ ಪಾಲಿಸಬಹುದು. ಅದಕ್ಕೆ ತಗಲುವುದು ಸಭೆಯ ಮೊದಲ ಹದಿನೈದು ನಿಮಿಷ.

ತರಬೇತಿಯನ್ನು ನೋಟ್‌ಬುಕ್ ಆರಿಸಲಿ

ವರ್ಷದ ಕೊನೆಗೆ ತರಬೇತಿಗಳ ಪಟ್ಟಿ ಬಂದಾಗ ಸಾಮಾನ್ಯವಾಗಿ ನಾವು ಆರಿಸುವುದು ಹೆಸರು ಹೊಸದಾಗಿರುವುದನ್ನು ಅಥವಾ ನಡೆಯುವ ಜಾಗ ಹಿತವಾಗಿರುವುದನ್ನು. ಅದರ ಬದಲು ‘ಬಿತ್ತು’ ಮತ್ತು ‘ಗೊತ್ತಾಗಲಿಲ್ಲ’ ಎಂದು ಗುರುತಿಸಿದ ಸಾಲುಗಳನ್ನು ಒಟ್ಟಿಗೆ ಓದಿ, ಅವು ಯಾವ ವಿಷಯದ ಸುತ್ತ ಗುಂಪಾಗಿವೆ ಎಂದು ನೋಡಿ. ಆಸ್ತಿ ಹಕ್ಕಿನ ಪ್ರಶ್ನೆಗಳಿಗೆ ಪದೇ ಪದೇ ತಡವರಿಸಿದ್ದರೆ ಭೂಕಾನೂನಿನ ತರಗತಿ, ಸಭೆಯಲ್ಲಿ ಜಗಳ ಎದ್ದಾಗ ಕೈಚೆಲ್ಲಿದ್ದರೆ ಸಂಧಾನದ ತರಬೇತಿ, ಜನರ ಬೆರಳು ತೋರಿದ್ದನ್ನು ನಕ್ಷೆಗೆ ಏರಿಸಲು ಬಾರದಿದ್ದರೆ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ತಂತ್ರ) ಅಭ್ಯಾಸ ಎಂದು ಆಯ್ಕೆ ತಾನಾಗಿ ಸಿಗುತ್ತದೆ. ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ಆರು ಸಾಲುಗಳು ಮಳೆನೀರಿಗೆ ಸೇರಿದ್ದವು, ಆರರಲ್ಲೂ ನನ್ನ ಊಹೆ ಬಿದ್ದಿತ್ತು. ನಗರ ವಿನ್ಯಾಸದ ಸಮ್ಮೇಳನಕ್ಕೆ ಹೋಗಬೇಕೆಂದಿದ್ದವನು ಆ ವರ್ಷ ಮಳೆನೀರು ಚರಂಡಿಗಳ ತರಬೇತಿಗೆ ಹೋಗಿ, ಎಂಜಿನಿಯರುಗಳ ನಡುವೆ ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ಬೀದಿಯ ಇಳಿಜಾರನ್ನು ಲೆಕ್ಕ ಹಾಕುವುದನ್ನು ಕಲಿತು ಬಂದೆ.